ತೆಂಗಳಿಯ ಹೊಲದಲ್ಲಿ ನಿಂತ ಕಲ್ಲು

ಸೇಡಂ
೧೭ ಜೂನ್ ೨೦೨೫, ಮಂಗಳವಾರ

ನನ್ನ ಪ್ರೀತಿಯ ಶಗುಫ್ತಾ,

ನೀನು, ತಾಹಿರ್ ಭಾಯಿ, ಮಗಳು ಉಜ್ಮಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ಮೊದಲ ಮಳೆ ಬಿದ್ದು ಬೇವಿನ ಎಲೆಗಳ ಮೇಲಿದ್ದ ಧೂಳು ಇಳಿದಿದೆ. ಬಕ್ರೀದಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ, ಬೈದುಕೋ. ಸೇಡಂನಿಂದ ವಾಡಿ ಎಷ್ಟು ದೂರ? ಸ್ಟೇಷನ್ನಿಗೆ ಹೋದೆ, ಟಿಕೆಟ್ಟನ್ನೂ ತೆಗೆದೆ. ಗಾಡಿ ಬಂತು, ಹೋಯಿತು. ನಾನು ಬೆಂಚಿನ ಮೇಲೇ ಕೂತಿದ್ದೆ. ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ನಿನ್ನ ಮನೆಯಲ್ಲಿ ಊಟಕ್ಕೆ ಕೂರುವ ಧೈರ್ಯ ಬರಲಿಲ್ಲ.

ಮೇ ತಿಂಗಳಲ್ಲಿ ನೀನು ಕಳಿಸಿದ ಸಾಲುಗಳು ಇನ್ನೂ ಫೋನಿನಲ್ಲಿವೆ. "ಭಾಗ್ಯಾ, ಉಜ್ಮಾ ಡಿಗ್ರಿಗಿ ಭೂವಿಜ್ಞಾನಾನೇ ಬೇಕಂತ ಹಟಾ ಹಿಡದಾಳ. ಕಲ್ಲ ನೋಡಿ ನನ್ನ ಕಣ್ಣ ಮೋಸ ಹೋದ್ವು. ಆಕಿಗೂ ಅದೇ ಕಣ್ಣ ಬಂದಿದ್ರ? ನೀ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ." ನಾಲ್ಕು ಸಲ ಉತ್ತರ ಬರೆದು ಅಳಿಸಿದೆ. ಕಾಗದದ ಮೇಲಾದರೆ ಅಷ್ಟು ಸುಲಭವಾಗಿ ಅಳಿಸಲಾಗುವುದಿಲ್ಲ, ಅದಕ್ಕೇ ಪತ್ರ. ಉಜ್ಮಾಳ ಅರ್ಜಿಗೆ ಈ ಶನಿವಾರ ಕೊನೆಯ ದಿನ ಎಂದು ನೀನೇ ಅಂದಿದ್ದೆ. ವಾಡಿಯಿಂದ ದಿನಾ ಓಡಾಡುವ ನಮ್ಮ ಕಾಲೇಜಿನ ಗುಮಾಸ್ತ ದಿಲೀಪನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ನಮ್ಮ ಎಂ.ಎಸ್ಸಿ. ವರದಿಯನ್ನು ನೀನು ಮರೆಯುವವಳಲ್ಲ. ತೆಂಗಳಿಯ ಆ ಹೊಲದ ಅಂಚಿನಲ್ಲಿ ಎರೆಮಣ್ಣಿನಿಂದ ಗೇಣುದ್ದ ತಲೆ ಎತ್ತಿದ ಶಹಾಬಾದ ಸುಣ್ಣಕಲ್ಲಿನ ಸಾಲು. ಈ ಸೀಮೆಯಲ್ಲೆಲ್ಲ ಮಲಗಿರುವ ಕಲ್ಲು ಅಲ್ಲಿ ಮಾತ್ರ ನೆಟ್ಟಗೆ ನಿಂತಿತ್ತು. ದಿಕ್ಸೂಚಿ ಹಿಡಿದು ಅಳೆದೆವು. ಸುಣ್ಣಕಲ್ಲು ಹುಟ್ಟಿದ ಮೇಲೂ ಪರ್ವತ ಎಬ್ಬಿಸುವಂಥ ಒತ್ತಡ ಇಲ್ಲಿಗೆ ಮುಟ್ಟಿತ್ತು, ಪದರಗಳು ಮಡಚಿಕೊಂಡವು ಎಂದು ಇಬ್ಬರೂ ಕೂಡಿ ಬರೆದೆವು. ಮೌಖಿಕ ಪರೀಕ್ಷೆಗೆ ಬಂದವರು ನಕ್ಷೆಯ ಮೇಲೆ ಪೆನ್ಸಿಲು ಕುಟ್ಟಿ, "ಈ ಸೀಮೆಯಲ್ಲಿ ಇಂಥ ಮಡಿಕೆಯೇ ಇಲ್ಲ. ಇದನ್ನು ನೋಡಿದ ಕಣ್ಣು ಯಾರದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಟಿಪ್ಪಣಿ ಪುಸ್ತಕದಲ್ಲಿದ್ದದ್ದು ನಿನ್ನ ಅಕ್ಷರ, ತಪ್ಪು ನಿನ್ನ ಮೇಲೆ ಬಿತ್ತು. ನನಗೆ ಫಸ್ಟ್ ಕ್ಲಾಸು, ನಿನಗೆ ಸೆಕೆಂಡು. ಆಮೇಲೆ ನೀನು ಸಂಶೋಧನೆಯ ಮಾತನ್ನೇ ಎತ್ತಲಿಲ್ಲ. ವಾಡಿಯ ಶಾಲೆ ಸೇರಿ ಮಕ್ಕಳಿಗೆ ಗಣಿತ ಹೇಳುತ್ತ ಇಪ್ಪತ್ತಮೂರು ವರ್ಷ ಕಳೆದೆ.

ಮೊನ್ನೆ ಭಾನುವಾರ ನನ್ನ ವಿದ್ಯಾರ್ಥಿಗಳನ್ನು ಅದೇ ಹೊಲಕ್ಕೆ ಕರೆದುಕೊಂಡು ಹೋದೆ. ಬದುವಿನ ಮೇಲೆ ನಡೆಯುತ್ತ ಪಾಠ ಹೇಳಿದೆ. ನಮ್ಮ ಈ ನೆಲ ಒಂದೇ ತುಂಡಾಗಿ ಹುಟ್ಟಿದ್ದಲ್ಲ. ಎಲ್ಲೆಲ್ಲಿಂದಲೋ ಸರಿದು ಬಂದ ಭೂಖಂಡದ ತುಣುಕುಗಳು ಡಿಕ್ಕಿ ಹೊಡೆದು, ಕರಗಿದ ಕಲ್ಲು ನಡುವೆ ನುಗ್ಗಿ ಬೆಸೆದುಕೊಂಡವು. ಬೆಸುಗೆಯ ಸಾಲಿನಲ್ಲಿ ಪರ್ವತಗಳು ಎದ್ದವು. ಕೋಟಿ ಕೋಟಿ ವರ್ಷ ಮಳೆ ಗಾಳಿಗೆ ಸವೆದು ನೆಲ ಮಟ್ಟವಾದ ಮೇಲೆ ಸಮುದ್ರ ಒಳಗೆ ಬಂತು, ಅದರ ತಳದ ಕೆಸರೇ ಕಲ್ಲಾಗಿ ನಮ್ಮ ಮನೆಗಳ ನೆಲಕ್ಕೆ ಹಾಸುವ ಫರಸಿಯಾಯಿತು ಎಂದೆ.

ಮುಬೀನ ಎಂಬ ಹುಡುಗಿ ಬಿಡಲಿಲ್ಲ. "ಅಷ್ಟೆಲ್ಲಾ ಗುಡ್ಡದಾಗ ಒಂದೂ ಉಳೀಲಿಲ್ಲೇನ್ರಿ ಮೇಡಂ?"

"ಬೇರು ಉಳಿದಿದೆ. ನಿನ್ನ ಚಪ್ಪಲಿಯ ಕೆಳಗೆ, ಬಹಳ ಆಳದಲ್ಲಿ."

"ಅದಕ್ಕ ಮುಂಜಾನಿಂದ ಕಾಲ ನೋಯಾಕತ್ತಾವ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಸಾಲು ಕಣ್ಣಿಗೆ ಬಿದ್ದಿತ್ತು. ಹೊಲದ ಒಡತಿ ಲಾಲಮ್ಮ ತೊಗರಿ ಬಿತ್ತನೆಗೆ ಕಸ ಆರಿಸುತ್ತಿದ್ದಳು. ಈಗ ಕೂದಲೆಲ್ಲ ಬೆಳ್ಳಗಾಗಿದೆ. ಹತ್ತಿರ ಹೋಗಿ, ಈ ಕಲ್ಲುಗಳು ಯಾವಾಗಿನಿಂದ ಹೀಗೆ ನಿಂತಿವೆ ಎಂದು ಕೇಳಿದೆ.

"ನಮ್ಮ ಮಾವ ನೆಟ್ಟಿದ್ದವ್ವ. ಆಗ ಹಂದಿ ಕಾಟ ಭಾಳ ಇತ್ತು. ಮ್ಯಾಲಿಂದು ಮುರದು ಹ್ವಾದ್ವು, ಬುಡ ಉಳದಾವ."

ಮುಬೀನ ಅಲ್ಲೇ ಕೂತು ಮಣ್ಣು ತೆಗೆದಳು. ಮೊಳದಾಳದಲ್ಲಿ ಕಲ್ಲು ಮುಗಿಯಿತು. ಅದು ಅಲುಗದಿರಲೆಂದು ಯಾರೋ ತುರುಕಿದ್ದ ಚಕ್ಕೆಗಳು ಸಿಕ್ಕವು. ಅವುಗಳ ಕೆಳಗೆ ಸುಣ್ಣಕಲ್ಲು ಹಾಸಿದ ಚಾಪೆಯಂತೆ ಮಟ್ಟಸವಾಗಿ ಮಲಗಿತ್ತು. ನಾವು ಇದನ್ನು ಭೂಮಿಯ ಮಡಿಕೆ ಅಂದುಕೊಂಡಿದ್ದೆವು ಎಂದು ಲಾಲಮ್ಮನಿಗೆ ಹೇಳಿದೆ.

"ಯವ್ವಾ, ಭೂಮ್ತಾಯಿ ಹಂದೀಗಿ ಅಂಜಿ ಬೇಲಿ ಹಾಕ್ತಾಳೇನು?"

ಹೊಟ್ಟೆ ಹಿಡಿದುಕೊಂಡು ನಕ್ಕೆ, ಶಗುಫ್ತಾ. ಕಣ್ಣಲ್ಲಿ ನೀರೂ ಬಂತು. ನಮ್ಮನ್ನು ಇಷ್ಟು ವರ್ಷ ಕುಗ್ಗಿಸಿದ್ದು ಒಬ್ಬ ರೈತನ ಬೇಲಿ! ಮಲಗಿದ ಕಲ್ಲೇ ಸಾಕ್ಷಿ ಹೇಳುತ್ತಿತ್ತು: ದೊಡ್ಡ ನೂಕಾಟವೆಲ್ಲ ಅದು ಹುಟ್ಟುವ ಮೊದಲೇ ಮುಗಿದಿತ್ತು. ಇದು ಕಣ್ಣಿನ ದೋಷವಲ್ಲ, ಒಂದು ಮಾತು ಕೇಳದೆ ಬಂದದ್ದರ ದೋಷ. ಉಜ್ಮಾಳ ಅರ್ಜಿಯನ್ನು ನಾಳೆಯೇ ಹಾಕಿಸು. ಮಗು ಹೊಲ ಹೊಲ ತಿರುಗಲಿ, ಕಂಡವರನ್ನೆಲ್ಲ ಮಾತಾಡಿಸಲಿ, ನಮ್ಮಿಬ್ಬರನ್ನೂ ಮೀರಿಸಲಿ.

ನಿನ್ನ,
ಭಾಗ್ಯಶ್ರೀ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಲಾಲಮ್ಮ ಇನ್ನೊಂದು ಮಾತು ಹೇಳಿದಳು. "ಹಿಂದಕೊಮ್ಮಿ ಇಬ್ರು ಹುಡುಗ್ಯಾರು ಬಂದು ದಿನಾ ಎಲ್ಲಾ ಇದನ್ನ ಅಳದ್ರು. ಒಬ್ಬಾಕಿ ನನ್ನ ಕೇಳಾಕ ಬರಾಕತ್ತಿದ್ಲು. ಇನ್ನೊಬ್ಬಾಕಿ ಕೈ ಹಿಡದು ಜಗ್ಗಿಕೊಂಡು ಹ್ವಾದ್ಲು."

"ಯಾರೋ ನೆಟ್ಟಂಗ ಕಾಣಸ್ತದ, ಆ ಅಕ್ಕಗ ಕೇಳೋಣ ನಡಿ" ಎಂದಿದ್ದು ನೀನು. ಹೊಲದವರನ್ನು ಕೇಳಿ ಯಾರಾದರೂ ವಿಜ್ಞಾನ ಬರೆಯುತ್ತಾರಾ ಎಂದು ಇಂಗ್ಲಿಷಿನಲ್ಲಿ ನಕ್ಕು ನಿನ್ನ ಕೈ ಎಳೆದವಳು ನಾನು. ಅಳತೆ ನಾನು ಹೇಳಿದೆ, ನೀನು ಬರೆದುಕೊಂಡೆ. ಪರೀಕ್ಷಕರು ಕೇಳಿದಾಗ ನೀನು ನನ್ನ ಕಡೆ ನೋಡಿದೆ. ನಾನು ನೆಲದ ಫರಸಿ ನೋಡುತ್ತಿದ್ದೆ. ನೀನು ನನ್ನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿರುವೆ ಎಂದು ಇಷ್ಟು ವರ್ಷ ಹೆದರಿದ್ದೆ. ಮೇ ತಿಂಗಳಲ್ಲಿ ಗೊತ್ತಾಯಿತು, ನೀನು ನಿನ್ನ ಕಣ್ಣನ್ನೇ ಬೈದುಕೊಂಡು ಕೂತಿದ್ದೀಯ.

ಹುಡುಗರ ಎದುರಿಗೇ ಹೇಳಿದೆ: "ಆ ಇನ್ನೊಬ್ಬಾಕಿ ನಾನೇ." ಲಾಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗರ ಕೇಳ್ದಿಯಲ್ಲವ್ವ. ಕುಂದ್ರು, ನೀರ್ ಕುಡಿ" ಎಂದಳು. ಕುಡಿದೆ. ಎದೆ ಹಗುರಾಯಿತು.

ಶುಕ್ರವಾರದ ಗಾಡಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ಅಷ್ಟರೊಳಗೆ ಈ ಕೊನೆಯ ಭಾಗವನ್ನು ಉಜ್ಮಾಳ ಕೈಗೆ ಕೊಡು, ಅವಳೇ ಓದಲಿ. ಅವಳಿಗೆ ನಿನ್ನ ಕಣ್ಣೇ ಬಂದಿರಲಿ.