ತೀರಿಹೋದ ಅಮ್ಮನ ತಟ್ಟೆ

ಲೆಸ್ಟೇರ್, ಕ್ಯಾರಿಯಾಕೂ ದ್ವೀಪ
೧೧ ಜೂನ್ ೨೦೧೯

ಮುದ್ದು ಮಗಳು ಜೋಸೆಟ್‌ಗೆ,

ಕುಶಲವೇ? ನಾನಂತೂ ಸತ್ತಿದ್ದೇನೆ. ಅದೊಂದು ಬಿಟ್ಟರೆ ಆರೋಗ್ಯವಾಗಿದ್ದೇನೆ.

ನಾನು ಸತ್ತ ಸುದ್ದಿ ನನಗೆ ತಲುಪಿದ್ದು ಕಳೆದ ಗುರುವಾರ, ಹಿತ್ತಲಲ್ಲಿ ಮೀನು ಹೆಚ್ಚುತ್ತಿದ್ದಾಗ. ತಂದವಳು ಡೆನೀಷಾ ಎಂಬ ಹುಡುಗಿ. ಪಕ್ಕದ ಗ್ರೆನಾಡಾ ದ್ವೀಪದ ಹೋಟೆಲೊಂದರಲ್ಲಿ, ದೂರದಿಂದ ಬಂದು ಮದುವೆಯಾಗುವವರಿಗೆ ಎಲ್ಲ ಹೊಂದಿಸಿಕೊಡುವ ಕೆಲಸ ಅವಳದು. ಬೆಳಗಿನ ದೋಣಿಯಲ್ಲಿ ಬಂದವಳು ಹೊಟ್ಟೆ ತೊಳಸಿ ನನ್ನ ಮೆಟ್ಟಿಲ ಮೇಲೆ ಕುಸಿದು ಕೂತಳು. ನಿಂಬೆಹಣ್ಣು ಕೊಟ್ಟೆ. ಚೀಪುತ್ತಾ, ಇಲ್ಲಿನ ಎಲ್ಲರಂತೆ ನನ್ನನ್ನು ಚಿಕ್ಕಮ್ಮನೆಂದೇ ಕರೆದು, ಹೇಳಿದಳು: "ಟಾಂಟಿ ವರ್ನ್, ಹಿರಿಯರಿಗೆ ತಟ್ಟೆ ಇಡೋದು ನಿಮ್ಮ ದ್ವೀಪದೋರಿಗೇ ಗೊತ್ತಿರೋದಂತೆ. ನಮ್ಮ ಕಡೆ ಕೇಳಿದ್ರೆ ಎಲ್ರೂ ನಗ್ತಾರೆ. ಜುಲೈ ಇಪ್ಪತ್ತಕ್ಕೆ ಬಂದು ಅಡುಗೆ ಮಾಡಿಕೊಡ್ತೀರಾ?"

"ಸತ್ತೋರಿಗೆ ಅಡುಗೆ ಮಾಡೋದು ಸುಖ ಕಣೇ. ಉಪ್ಪು ಹಾಕೋ ಹಾಗಿಲ್ಲ, ಸಪ್ಪೆ ಅಂತ ಬೈಯೋರೂ ಇಲ್ಲ. ತಟ್ಟೆ ಯಾರಿಗೆ?" ಎಂದೆ.

"ಮದುಮಗಳ ಅಮ್ಮನಿಗೆ. ಪಾಪ, ತೀರಿಹೋಗಿದಾರೆ. ಮೊನ್ನೆ ಕನಸಲ್ಲಿ ಬಂದು ಮದುವೆ ಊಟ ಕೇಳಿದ್ರಂತೆ," ಎಂದು ಚೀಲದಿಂದ ಕಾಗದ ತೆಗೆದಳು. ಮೇಲೆಯೇ ನಿನ್ನ ಹೆಸರು.

ಕತ್ತಿ ಜಾರಿತು. ನನ್ನ ಬೆರಳಿಗೇನೂ ಆಗಲಿಲ್ಲ, ಹೋದದ್ದು ಮೀನಿನ ತಲೆ. ಡೆನೀಷಾಗೆ ಏನೂ ತಿಳಿಯಲಿಲ್ಲ. ಕತ್‌ಬರ್ಟನನ್ನು ಕಟ್ಟಿಕೊಂಡ ಮೇಲೆ ನನ್ನ ಹೆಸರಿನ ಮುಂದೆ ಅವನ ಮನೆತನದ ಹೆಸರಿದೆಯಲ್ಲ. ನಾನೂ ಬಾಯಿ ಬಿಡಲಿಲ್ಲ. ಸತ್ತವಳು ಹೇಗೆ ಮಾತಾಡಲಿ?

ಆದರೆ ಒಂದು ಮಾತು, ಮಗಳೇ. ನಾನು ಯಾರ ಕನಸಿಗೂ ಬಂದಿಲ್ಲ. ಇಲ್ಲೇ ಗೊರಕೆ ಹೊಡೆಯುತ್ತಿದ್ದೆ, ಪಕ್ಕದ ಮನೆಯವರು ಸಾಕ್ಷಿ.

ಹುಡುಗಿ ನಿನ್ನ ಮದುವೆಯ ಏರ್ಪಾಡನ್ನೆಲ್ಲ ಓದಿ ಹೇಳಿದಳು. ಹದಿನಾಲ್ಕೇ ಜನ. ಮರಳಿನ ಮೇಲೆ ಬಿಳಿ ಕುರ್ಚಿಗಳು, ಸಂಜೆ ಐದಕ್ಕೆ ಪಾದ್ರಿ. ಬೀಗಿತ್ತಿ ಮಿಸೆಸ್ ಹ್ಯಾಲಪ್‌ಗೆ ನಮ್ಮ ಪದ್ಧತಿಗಳೆಂದರೆ ಪ್ರಾಣವಂತೆ. ತಟ್ಟೆ ಬೇಕು, ಅದರ ಜೊತೆ ಬಾರಿಸುವ ಡ್ರಮ್ ಬೇಡ, ತಲೆನೋವಂತೆ. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬಿಡುತ್ತಾರಂತೆ. ಯಾಕೆ ಎಂದು ಕೇಳಿದ್ದಕ್ಕೆ ಡೆನೀಷಾ ಕಣ್ಣು ಒದ್ದೆ ಮಾಡಿಕೊಂಡು, "ಅದು ಅಮ್ಮನ ಜಾಗ ಟಾಂಟಿ," ಎಂದಳು.

ಆಮೇಲೆ ತೀರಿಹೋದ ಅಮ್ಮನಿಗೆ ಇಷ್ಟವಾದ ಅಡುಗೆಯ ಪಟ್ಟಿ. ಜೋಳದ ಹಿಟ್ಟಿನ ಮುದ್ದೆ, ತೊಗರಿಕಾಳು, ಶುಂಠಿ ಪಾನಕ, ಖಾರ ಹಚ್ಚಿ ಬೇಯಿಸಿದ ಶಂಖದ ಮಾಂಸ. ಶಂಖದ ಮಾಂಸ ತಿಂದರೆ ನನಗೆ ಮೈಯೆಲ್ಲ ದದ್ದು ಏಳುತ್ತದೆ, ಮರೆತೆಯಾ? ಕೊಂದದ್ದು ಕೊಂದೆ, ಏನು ತಿನ್ನುತ್ತಿದ್ದೆ ಎಂದಾದರೂ ನೆನಪಿಟ್ಟುಕೊಳ್ಳಬಾರದಿತ್ತೆ?

ನಿನಗೆ ಸಿಟ್ಟಿದೆ, ಗೊತ್ತು. ನಿನ್ನನ್ನು ಕಳಿಸಿದಾಗ ನಿನಗೆ ಏಳು ವರ್ಷ. ಕತ್‌ಬರ್ಟನಿಗೆ ಮನೆಯಲ್ಲಿ ಮಕ್ಕಳ ಗಲಾಟೆ ಆಗಿಬರುತ್ತಿರಲಿಲ್ಲ. ಬ್ರೂಕ್ಲಿನ್‌ನಲ್ಲಿದ್ದ ನನ್ನ ತಂಗಿ ಅಲ್ಮೀನಾಗೆ ಮಕ್ಕಳಿರಲಿಲ್ಲ. ಎಲ್ಲರಿಗೂ ಅನುಕೂಲವಾಯಿತು. ಬೇಸಿಗೆ ರಜೆಗೆ ಎಂದು ಹೇಳಿ ವಿಮಾನ ಹತ್ತಿಸಿದೆ, ನಿಜ. ಬೇಸಿಗೆ ಸ್ವಲ್ಪ ಉದ್ದವಾಯಿತು. ನಿನ್ನ ಕಾಗದಗಳಿಗೆ ಉತ್ತರ ಬರೆಯಬೇಕೆಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ಅಂದುಕೊಂಡದ್ದಕ್ಕೆ ಅಂಚೆಚೀಟಿ ಹಚ್ಚಲು ಬರುವುದಿಲ್ಲವಲ್ಲ. ನಾಲ್ಕು ವರ್ಷದ ಹಿಂದೆ ಅಲ್ಮೀನಾ ಹೋದಾಗಲೂ ಮಣ್ಣಿಗೆ ಬರಲಾಗಲಿಲ್ಲ. ಆ ವಾರ ಇಲ್ಲಿ ದೋಣಿ ಪಂದ್ಯ, ಇನ್ನೂರು ಜನರ ಮೀನೂಟಕ್ಕೆ ಒಪ್ಪಿಕೊಂಡುಬಿಟ್ಟಿದ್ದೆ. ಅಲ್ಮೀನಾ ಅರ್ಥ ಮಾಡಿಕೊಂಡಿರುತ್ತಾಳೆ ಬಿಡು. ಅವಳಿಗೆ ಯಾವಾಗಲೂ ಅರ್ಥವಾಗುತ್ತಿತ್ತು.

ಈಗ ನನ್ನದೊಂದೇ ಬೇಡಿಕೆ. ಆ ಖಾಲಿ ಕುರ್ಚಿಯಲ್ಲಿ ನನ್ನನ್ನು ಕೂರಿಸು. ತಟ್ಟೆ ಇಡುತ್ತೇನೆ, ಕೈ ತೊಳೆದು ನೀಲಿ ಉಡುಪು ಹಾಕಿಕೊಂಡು ಬಂದು ಕೂರುತ್ತೇನೆ. ಬೀಗರಿಗೆ ಏನು ಹೇಳುತ್ತೀಯೋ ಹೇಳು: ತಪ್ಪು ಸುದ್ದಿ ಬಂದಿತ್ತು ಎನ್ನು, ದೇವರು ವಾಪಸು ಕಳಿಸಿದ ಎನ್ನು, ನಾನು ತಲೆಯಾಡಿಸುತ್ತೇನೆ. ಒಲ್ಲೆ ಎಂದೆಯೋ, ಅದೇ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ದದ್ದು ಎದ್ದರೂ ಸರಿ, ಕೊನೆಯ ತುತ್ತಿನವರೆಗೆ ತಿನ್ನುತ್ತೇನೆ. ಸತ್ತವರು ಬಂದು ಉಣ್ಣುವುದನ್ನು ಮಿಸೆಸ್ ಹ್ಯಾಲಪ್ ಕಣ್ಣಾರೆ ನೋಡಲಿ. ಪದ್ಧತಿ ಎಂದರೆ ಪ್ರಾಣವಲ್ಲವೇ ಅವರಿಗೆ?

ತಮಾಷೆ ಮಾಡಿದೆ. ಹಾಗೇನೂ ಮಾಡುವುದಿಲ್ಲ. ಕುರ್ಚಿ ಮಾತ್ರ ತಮಾಷೆಯಲ್ಲ.

ಡೆನೀಷಾ ನಿನಗೆ ರಿಬ್ಬನ್ನಿನ ಮಾದರಿಗಳನ್ನು ಕಳಿಸುತ್ತಾಳಂತೆ, ಈ ಕಾಗದವನ್ನು ಅದರಲ್ಲೇ ಇಡಲು ಕೊಡುತ್ತೇನೆ. ನಾಲ್ಕನೆಯ ಬಣ್ಣ ತೆಗೆದುಕೋ, ನಿನ್ನ ಮೈಬಣ್ಣಕ್ಕೆ ಒಪ್ಪುತ್ತದೆ. ಈಗಲೂ ನನ್ನ ಬಣ್ಣವೇ ಇದ್ದರೆ.

ಇನ್ನೂ ಉಸಿರಾಡುತ್ತಿರುವ ನಿನ್ನ ಅಮ್ಮ,
ವರ್ನೀಟಾ

ಮರೆತ ಮಾತು: ಕತ್‌ಬರ್ಟ್ ನನ್ನನ್ನು ಬಿಟ್ಟು ಹೋಗಿ ಎರಡು ವರ್ಷವಾಯಿತು. ನೀನು ಮಲಗುತ್ತಿದ್ದ ಕೋಣೆಯಲ್ಲಿ ಈರುಳ್ಳಿ ಹರಡಿದ್ದೇನೆ. ನೀವಿಬ್ಬರೂ ಬರುವುದಾದರೆ ತೆಗೆಯಲು ಅರ್ಧ ಗಂಟೆ ಸಾಕು.

*

ಬ್ರೂಕ್ಲಿನ್
೨೪ ಜೂನ್ ೨೦೧೯

ಶ್ರೀಮತಿ ವರ್ನೀಟಾ ಅವರಿಗೆ,

ರಿಬ್ಬನ್ನುಗಳ ಜೊತೆ ನಿಮ್ಮ ಕಾಗದ ತಲುಪಿತು. ಎರಡನೆಯ ಬಣ್ಣ ಆರಿಸಿದ್ದೇನೆ.

ಬೇರೆ ಅಡುಗೆಯವರು ಸಿಗುತ್ತಾರೆಯೇ ಎಂದು ಡೆನೀಷಾಳನ್ನು ಕೇಳಿದೆ. ಈ ಪದ್ಧತಿ ಬಲ್ಲ ಇನ್ನಿಬ್ಬರಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರು ದೋಣಿ ಹತ್ತುವುದಿಲ್ಲ. ಆದ್ದರಿಂದ ನೀವೇ ಬನ್ನಿ. ಬೆಳಗಿನ ದೋಣಿಗೆ ಬಂದು ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಗಿ. ನಾಲ್ಕರೊಳಗೆ ತಟ್ಟೆ ಇಟ್ಟು, ಮದುವೆ ಶುರುವಾಗುವ ಮೊದಲು ಹೊರಡಿ. ಬಂದರಿಗೆ ಬಿಡಲು ಕಾರು ಇರುತ್ತದೆ. ಮಿಸೆಸ್ ಹ್ಯಾಲಪ್ ಅಡುಗೆಮನೆಗೆ ಬಂದು ನಿಮ್ಮ ಜೊತೆ ಫೋಟೋ ತೆಗೆಸಿಕೊಳ್ಳಬಹುದು. ನಗಿ, ಮಾತಾಡಬೇಡಿ.

ಪಟ್ಟಿಯಲ್ಲಿ ಇರುವುದನ್ನೇ ಮಾಡಿ. ಒಂದೂ ಬಿಡಬೇಡಿ, ನಿಮ್ಮದೇನೂ ಸೇರಿಸಬೇಡಿ.

ಕನಸು ನಾನು ಕಟ್ಟಿದ್ದಲ್ಲ. ಅಮ್ಮ ನಿಜವಾಗಿ ಬಂದಿದ್ದಳು. ಒಲೆಯ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತು, "ಏನೇ ಕತ್ತೆ, ಮದುವೆ ಅಂತೆ, ನನಗೊಂದು ತಟ್ಟೆನೂ ಇಲ್ವಾ?" ಎಂದು ಬೈದಳು. ಎದ್ದ ಮೇಲೆ ತುಂಬ ಹೊತ್ತು ಅತ್ತೆ. ಅವಳು ಹೋದ ಮೇಲೆ ನನ್ನನ್ನು ಹಾಗೆ ಬೈಯುವವರು ಯಾರೂ ಇಲ್ಲ.

ನಿಮ್ಮ ಕೋಣೆ ನಮಗೆ ಬೇಕಾಗುವುದಿಲ್ಲ. ಈರುಳ್ಳಿ ಅಲ್ಲೇ ಇರಲಿ.

ಇಂತಿ,
ಜೋಸೆಟ್ ಅಲ್ಮೀನಾ ಕ್ವಾಶಿ

ಮರೆತ ಮಾತು: ಮೊದಲ ಸಾಲಿನ ಕುರ್ಚಿ ಖಾಲಿ ಇರುವುದಿಲ್ಲ, ಅಲ್ಲಿ ಅಲ್ಮೀನಾಳ ಫೋಟೋ ಇಡುತ್ತೇವೆ. ತಟ್ಟೆಯೂ ಅವಳದೇ. ನೀವು ಸತ್ತಿದ್ದೀರಿ ಎಂದು ನಾನು ಯಾರಿಗೂ ಹೇಳಿಲ್ಲ. ನಿಮ್ಮ ವಿಷಯ ಎಂದೂ ಬರಲೇ ಇಲ್ಲ.