ಮುಹೂರ್ತದ ಹೊತ್ತಿಗೆ ಟ್ರೆಕ್ಕು

ಜಯಂತಾ,

ನಾನು, ಅಮ್ಮ ಚಿಕ್ಕಮಗಳೂರಿಗೆ ಹೊರಟ್ವಿ. ನಿನ್ನ ಎಬ್ಬಿಸಿದ್ರೆ ಕೆನ್ನೆಗೆ ಬಾರಿಸಿಬಿಡ್ತಿದ್ದೆ, ಅದಕ್ಕೇ ಬರೀತಿದ್ದೀನಿ.

ನನ್ನ ಮದುವೆಗೆ ಬರೋ ನೆಂಟರಿಗೆ ನೀನು ಹಾಕಿರೋ ಪ್ಲ್ಯಾನ್ ಈಗ ವಾಟ್ಸಾಪಲ್ಲಿ ನೋಡಿದೆ. ಜೀಪು, ಕಾಫಿ ತೋಟ, ಜಲಪಾತ ಎಲ್ಲ ಸರಿ. ಮುಹೂರ್ತದ ಹೊತ್ತಿಗೇ ಮುಳ್ಳಯ್ಯನಗಿರಿ ಟ್ರೆಕ್ಕು, ಕರ್ಕೊಂಡು ಹೋಗೋನು ನೀನೇ! ತಲೆ ಕೆಟ್ಟಿದೆಯೇನೋ? ಹೋಮದಲ್ಲಿ ಅಕ್ಕನ ಬೊಗಸೆಗೆ ಅರಳು ಹಾಕಬೇಕಾದೋನು ತಮ್ಮ. ನನಗಿರೋನು ನೀನೊಬ್ಬ.

ದಾಸರಹಳ್ಳಿಯಿಂದ ನೆಂಟರ ಬಸ್ ಹೊರಡೋದ್ರೊಳಗೆ ಆ ಟ್ರೆಕ್ಕನ್ನ ತೆಗೆದುಹಾಕು. ಅಜ್ಜಿ ಸ್ವೆಟರ್ ಮರೀಬೇಡ, ಅಲ್ಲಿ ಚಳಿ. ಗ್ಯಾಸ್ ಆಫ್ ಮಾಡು.

ಅರಳನ್ನ ದೊಡ್ಡಪ್ಪನ ಮಗನ ಕೈಲಿ ಹಾಕಿಸ್ತೀನಿ ಅಂತಾಳೆ ಅಮ್ಮ. ನಾನು ಒಪ್ಪಲ್ಲ. ನೀನು ಬೆಟ್ಟ ಇಳಿದು ಬರೋವರೆಗೂ ಬೊಗಸೆ ಒಡ್ಕೊಂಡು ನಿಂತಿರ್ತೀನಿ, ಎಲ್ಲರೂ ನೋಡ್ಲಿ.

ಮಹತಿ