ಗಾಳಿ ಬರೆಯದ ದಿನಗಳು

ಶರಾವತಿ ಅಳಿವೆ
ಉಪ್ಪುದಿಂಗಳ ಮೂವತ್ತೇಳನೆಯ ದಿನ, ಕ್ರಿ.ಶ. 2179

ನೂರೈವತ್ತು ವರ್ಷ ಹಿಂದಿನ ಕಾಲೇಜು ಮಕ್ಕಳಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮ್ಮ ತಿಂಗಳಿಗೆ ನಲವತ್ತು ದಿನ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ಹೆಸರು ಮಾದೇವಿ ಹರಿಕಂತ್ರ.

ನೀವು ಫಲಕ ಹಿಡಿದು, ಬಿಸಿಲಲ್ಲಿ ಕೂತು, ತಿಮಿಂಗಿಲಗಳಿಗಾಗಿ ಕೇಳಿ ಪಡೆದ ಕಡಲಿನ ಪಾಲು ಇಂದಿಗೂ ಇದೆ. ಅದನ್ನು ಮೌನಗಡಲು ಎನ್ನುತ್ತೇವೆ. ಅಲ್ಲಿ ಬಲೆ ಬೀಸುವಂತಿಲ್ಲ, ಎಂಜಿನ್ ಹಾಕುವಂತಿಲ್ಲ. ನಮ್ಮ ಮನೆಗಳು ಕಂಬಗಳ ಮೇಲಿವೆ. ಬೆಳಿಗ್ಗೆ ನೀರು ಇಳಿದ ಮೇಲೆ ಮೆಟ್ಟಿಲ ಕೆಸರು ತೊಳೆದು, ಪಾಚಿಹಿಟ್ಟಿನ ರೊಟ್ಟಿ ತಟ್ಟುತ್ತೇವೆ. ಶಾಲೆ ದೋಣಿಯಲ್ಲಿ ಮನೆಬಾಗಿಲಿಗೆ ಬರುತ್ತದೆ. ನೀವು ಆರಂಭಿಸಿದ ಪದ್ಧತಿಯೂ ಅದರಲ್ಲಿ ಉಳಿದಿದೆ: ದಿನಕ್ಕೊಬ್ಬ ವಿದ್ಯಾರ್ಥಿ ನೀರ್ಗಿವಿಯನ್ನು, ಅಂದರೆ ತಂತಿಗೆ ಕಟ್ಟಿದ ಸದ್ದು ಹಿಡಿಯುವ ಗುಂಡನ್ನು, ಕಡಲಿಗಿಳಿಸಿ ತಿಮಿಂಗಿಲದ ಕೂಗಿಗಾಗಿ ಒಂದು ಗಂಟೆ ಕಿವಿಗೊಡಬೇಕು. ಪುಸ್ತಕದಲ್ಲಿ ಮೊದಲು ಗಾಳಿ ಯಾವ ಕಡೆಯದೆಂದು ಬರೆದು, ಆಮೇಲೆ ‘ಕೇಳಿಸಿತು’ ಅಥವಾ ‘ಕೇಳಿಸಲಿಲ್ಲ’ ಎಂದು ಬರೆಯಬೇಕು. ಕಡಲಿಗಿಳಿಯುವವರ ಮಕ್ಕಳು ಗಾಳಿ ನೋಡದೆ ಪೆನ್ನು ಎತ್ತುವುದಿಲ್ಲ.

ಹತ್ತು ವರ್ಷದ ಹಿಂದೆ ಬಂದರಿನವರು ಮೌನಗಡಲಿನೊಳಗೆ ಹಡಗು ದಾಟಿಸಲು ಅಪ್ಪಣೆ ಪಡೆದರು. ಷರತ್ತು ಒಂದೇ: ತಿಮಿಂಗಿಲದ ಕೂಗು ನಿಂತರೆ ಹಡಗೂ ನಿಲ್ಲಬೇಕು. ಅಂದಿನಿಂದ ಅಲ್ಲಿ ಕೇಳುವ ಕೆಲಸ ಅವರದೇ; ಶಾಲೆಯ ದೋಣಿ ಅಳಿವೆ ದಾಟುವುದಿಲ್ಲ. ಕೂಗು ನಿಲ್ಲಲೇ ಇಲ್ಲ. ದಿನಾ ಮಧ್ಯಾಹ್ನ ಅವರ ಧ್ವನಿವರ್ಧಕ ಅದನ್ನು ಆ ದಿನದ ಕೂಗೆಂದು ಊರಿಗೆಲ್ಲ ಕೇಳಿಸುತ್ತದೆ.

ನನ್ನ ಮಗಳು ರೋಹಿಣಿ ಒಂದು ದಿನ ರೊಟ್ಟಿ ತಿನ್ನುತ್ತ ನಕ್ಕಳು. “ಆಯಿ, ಕೂಗಿನ ನಡುವೆ ಯಾರೋ ಕೆಮ್ತಾರೆ ಕೇಳು. ನಿನ್ನೆನೂ ಅಲ್ಲೇ ಕೆಮ್ಮಿದ್ರು. ತಿಮಿಂಗಿಲಕ್ಕೆ ದಿನಾ ಅದೇ ಹೊತ್ತಿಗೆ ನೆಗಡಿ ಆಗ್ತದಾ?”

“ಸುಮ್ನೆ ತಿನ್ನೇ. ದೊಡ್ಡವರ ಉಸಾಬರಿ ನಮಗ್ಯಾಕೆ?” ಎಂದೆ. ಇನ್ನೊಂದು ರೊಟ್ಟಿ ಅವಳ ತಟ್ಟೆಗೆ ಹಾಕಿದೆ.

ಅವಳೂ ಗೆಳತಿಯರೂ ಹುಟ್ಟು ಹಾಕಿಕೊಂಡು ಮೌನಗಡಲಿಗೆ ಹೋಗಿ ಹತ್ತೊಂಬತ್ತು ದಿನ ತಾವೇ ಕೇಳಿದರು. ಹತ್ತೊಂಬತ್ತು ದಿನವೂ ‘ಕೇಳಿಸಲಿಲ್ಲ’. ಇಪ್ಪತ್ತನೆಯ ದಿನ ಅವಳು ಒಬ್ಬಳೇ ಹೋದಳು. ದೋಣಿ ಬಂತು, ಅವಳು ಬರಲಿಲ್ಲ. ಅಲೆ ಬಡಿಯಿತು ಎಂದರು ಬಂದರಿನವರು. ಪುಸ್ತಕವನ್ನು ಅವರೇ ತಂದುಕೊಟ್ಟರು. ಕೊನೆಯ ಸಾಲಿನಲ್ಲಿ ‘ಕೇಳಿಸಿತು’ ಎಂದಿದೆ. ಅಕ್ಷರ ಅವಳದೇ ಎಂಬಂತಿದೆ. ಗಾಳಿ ಮಾತ್ರ ಇಲ್ಲ.

ಗಾಳಿಯಿಲ್ಲದ ಸಾಲು ಬೇರೆಲ್ಲಾದರೂ ಇದೆಯೇ ಎಂದು ಶಾಲೆಯ ಪೆಟ್ಟಿಗೆಯಿಂದ ನಿಮ್ಮ ಮೊದಲ ಪುಸ್ತಕ ತೆಗೆಸಿದೆ. ಇದೆ. ಮೌನಗಡಲು ಘೋಷಣೆಯಾಗುವ ಮುಂಚಿನ ನಲವತ್ತು ದಿನ, ಒಂದೇ ಶಾಯಿ, ಒಂದೇ ಕೈ: ಕೇಳಿಸಿತು, ಕೇಳಿಸಿತು. ಒಂದು ಸಾಲಿಗೂ ಗಾಳಿಯಿಲ್ಲ. ಒಳ್ಳೆಯದಾಗಲಿ ಎಂದೇ ಬರೆದಿರಬಹುದು. ಆದರೆ ಕೇಳದೆ ಬರೆಯುವ ವಿದ್ಯೆಯನ್ನು ಬಂದರಿನವರು ನಿಮ್ಮ ಪುಸ್ತಕ ನೋಡಿಯೇ ಕಲಿತರೇನೋ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ನಾಳೆ ಬಂದರಿನವರ ಕೂಗು ನಿಜವೇ ಎಂಬ ವಿಚಾರಣೆ. ರೋಹಿಣಿಯ ಗೆಳತಿಯರು, “ಮಾದೇವಕ್ಕ, ಹಳೇ ಪುಸ್ತಕ ಮಾತ್ರ ತೋರಿಸ್ಬೇಡಿ, ಸುಳ್ಳು ಬರ್ದು ಪಡೆದದ್ದು ಅಂತ ಮೌನಗಡಲೇ ಹೋಗ್ತದೆ” ಎಂದು ಕೈ ಹಿಡಿದರು. ಅವರ ಭಯ ಸುಳ್ಳಲ್ಲ. ಆದರೂ ಎರಡನ್ನೂ ಇಡುತ್ತೇನೆ. ಗಾಳಿಯಿಲ್ಲದ ಸಾಲು ಸುಳ್ಳು ಎಂದು ಮಗಳ ಪುಸ್ತಕಕ್ಕೆ ಹೇಳಿ, ನಿಮ್ಮದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಾರೆ.

ಈ ಪತ್ರ ಆ ನಲವತ್ತು ದಿನಗಳಿಗೆ ಮುಂಚೆ ನಿಮ್ಮ ಕೈ ಸೇರಿದರೆ, ಕೇಳಿಸದ ದಿನ ಕೇಳಿಸಲಿಲ್ಲ ಎಂದೇ ಬರೆಯಿರಿ. ಹಾಗೆ ಬರೆದೂ ಅದಕ್ಕಾಗಿ ಕಡಲಿನ ಪಾಲು ಬೇಡಿ. ತಿಮಿಂಗಿಲ ಸುಮ್ಮನಾದ ದಿನವೇ ಅದಕ್ಕೆ ನೀವು ಹೆಚ್ಚು ಬೇಕು.

ಇವತ್ತು ನಾನೇ ದೋಣಿ ತೆಗೆದುಕೊಂಡು ಹೋಗಿದ್ದೆ. ಅವಳ ಪುಸ್ತಕದಲ್ಲಿ, ಆ ಸಾಲಿನ ಕೆಳಗೆ ಬರೆದಿದ್ದೇನೆ:

ತೆಂಕಣ ಗಾಳಿ. ಕೇಳಿಸಲಿಲ್ಲ.